ಕೊನೆಯ ನಿಲ್ದಾಣದಲ್ಲಿ ಬಿಟ್ಟುಬಂದ ‘ಬೇ’

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಮಾತು ಬರೆದಿಡುವುದು ನನ್ನ ಹಳೆಯ ರೂಢಿ. ಸಿಲಿಂಡರ್ ಹಚ್ಚಿದ ದಿನ, ನಳ ಬಂದ ದಿನ, ಹೆಪ್ಪು ಹಾಕಲು ಮರೆತ ದಿನ, ಹಿತ್ತಲಲ್ಲಿ ಬೆಕ್ಕು ಮರಿ ಹಾಕಿದ ದಿನ. ಚೌಕ ಸಣ್ಣದು, ಮೂರು ನಾಲ್ಕು ಶಬ್ದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ವರ್ಷ ಮುಗಿದ ಮೇಲೂ ಎಸೆಯದೆ ಸುರುಳಿ ಸುತ್ತಿ ಅಟ್ಟದ ಮೇಲೆ ಇಡುತ್ತೇನೆ. ಹೋದ ವರ್ಷದ ಸುರುಳಿಯಲ್ಲಿ ಒಂದು ಚೌಕದೊಳಗೆ ‘ಬೆಂಗಳೂರು, ಮೆಟ್ರೊ, ದೊಡ್ಡವ್ವ’ ಎಂದಿದೆ. ಇನ್ನೊಂದು ಶಬ್ದಕ್ಕೆ ಜಾಗ ಇತ್ತು. ಬರೆಯಲಿಲ್ಲ. ‘ನಾಚಿಕೆ’ ಎಂದು ಗೋಡೆಗೆ ಬರೆದು, ಅದನ್ನೇ ನೋಡುತ್ತ ದಿನಾ ರೊಟ್ಟಿ ಬಡಿಯುವುದು ಕಷ್ಟ.

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ವಿಜಯಪುರದ ಹತ್ತಿರದ ಸಾರವಾಡದಲ್ಲಿ ಇರುತ್ತಾಳೆ. ಮಗ, ಸೊಸೆ, ಎರಡು ಎಮ್ಮೆ, ನಾಲ್ಕು ಎಕರೆ ಹೊಲ. ವಯಸ್ಸು ಎಪ್ಪತ್ತರ ಮೇಲೆ, ಎಷ್ಟು ಮೇಲೆ ಎಂದು ಕೇಳಿದರೆ, “ನಾ ಏನ್ ಹುಟ್ಟಿದಾಗ ಗಡಿಯಾರ ನೋಡ್ಕೋತ ಹುಟ್ಟೀನೇನ?” ಎನ್ನುತ್ತಾಳೆ. ನನ್ನ ತಮ್ಮ ಹುಟ್ಟಿದಾಗ ಅವ್ವನಿಗೆ ಮೈ ಸರಿಯಿಲ್ಲದೆ ನನ್ನನ್ನು ಸಾರವಾಡಕ್ಕೆ ತಂದು ಬಿಟ್ಟಿದ್ದರಂತೆ. ನನಗಾಗ ಮೂರು ತುಂಬಿತ್ತು, ಬಾಯಲ್ಲಿ ಒಂದು ಮಾತಿಲ್ಲ. ಕೂಸು ಮೂಕ ಎಂದು ಓಣಿಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ದೊಡ್ಡವ್ವ ಮಾತ್ರ ದಿನಾ ಬೆಳಿಗ್ಗೆ ಬಜೆ ಬೇರನ್ನು ಸಾಣೆಕಲ್ಲಿನ ಮೇಲೆ ತೇದು ಬೆರಳ ತುದಿಯಿಂದ ನನ್ನ ನಾಲಿಗೆಗೆ ಹಚ್ಚುತ್ತಿದ್ದಳು. ಬಜೆ ಹಚ್ಚಿದರೆ ನಾಲಿಗೆ ತಿರುಗುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಹಚ್ಚಿದವರ ಮಾತೇ ಕೂಸಿಗೆ ಬರುತ್ತದೆ ಎಂದೂ ಹೇಳುತ್ತಾರೆ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು, “ಮಸರ ಬೇ” ಎಂದೆನಂತೆ. ಮೊಸರು ಹಾಕವ್ವ ಎಂದು. ದೊಡ್ಡವ್ವ ಗಡಿಗೆಯನ್ನೇ ಎತ್ತಿ ತಂದು ಮುಂದಿಟ್ಟಳಂತೆ.

‘ಬೇ’ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ವಿಜಯಪುರದ ಕಡೆ ಅವ್ವನನ್ನು, ಅಜ್ಜಿಯನ್ನು, ಅಕ್ಕ ತಂಗಿಯರನ್ನು, ಸಲುಗೆಯ ಯಾವ ಹೆಣ್ಣುಮಗಳನ್ನಾದರೂ ಕರೆಯುವಾಗ ಮಾತಿನ ತುದಿಗೆ ಹಚ್ಚುವ ಅಕ್ಷರ ಅದು. ಬಾ ಬೇ, ಉಣ್ಣ ಬೇ, ಯಾಕ ಬೇ. ಹೊರಗಿನವರಿಗೆ, ಬೀಗರಿಗೆ, ಆಫೀಸಿನವರಿಗೆ ಹಚ್ಚುವುದು ‘ರಿ’. ‘ರಿ’ಯಲ್ಲಿ ಮರ್ಯಾದೆ ಇದೆ, ‘ಬೇ’ಯಲ್ಲಿ ಮನೆ ಇದೆ. ನಾನು ಐವತ್ತರ ಹತ್ತಿರ ಬಂದರೂ ದೊಡ್ಡವ್ವ ನನ್ನನ್ನು ಕರೆಯುತ್ತಿದ್ದುದು ‘ಬೇ’ ಎಂದೇ.

ದೊಡ್ಡವ್ವನ ಮೊಮ್ಮಗಳನ್ನು ತಿಕೋಟಾದ ಹುಡುಗನಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ದ್ರಾಕ್ಷಿ ತೋಟವಿದೆ, ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ಈ ಹುಡುಗ ಬೆಂಗಳೂರಿನಲ್ಲಿ ಸಿಟಿ ಬಸ್ಸು ಓಡಿಸುತ್ತಾನೆ. ಮೆಟ್ರೊ ಹೋಗಿ ನಿಲ್ಲುವ ಕಟ್ಟಕಡೆಯ ನಿಲ್ದಾಣದ ಹತ್ತಿರ ಅವರ ಬಾಡಿಗೆ ಮನೆ. ಮೊಮ್ಮಗಳು ಆಗ ಐದು ತಿಂಗಳ ಬಸುರಿ. ಅನ್ನ ಕಂಡರೆ ವಾಂತಿ, ಅಜ್ಜಿಯ ಕೈಯ ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿಯ ಚಟ್ನಿಪುಡಿ ಬೇಕು ಎಂದು ಫೋನಿನಲ್ಲಿ ಅತ್ತಳಂತೆ. ದೊಡ್ಡವ್ವ ಎರಡು ದಿನ ರೊಟ್ಟಿ ಬಡಿದು, ಶೇಂಗಾ ಹೋಳಿಗೆ ಮಾಡಿ, ತಿಕೋಟಾದಿಂದ ಬೀಗರು ಕಳಿಸಿದ ಒಣದ್ರಾಕ್ಷಿಯನ್ನೂ ಸೇರಿಸಿ ದೊಡ್ಡ ಗಂಟು ಕಟ್ಟಿಕೊಂಡು ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆಗೆ ಬಂದಿಳಿದಳು.

“ನಿನಗ ಬೆಂಗಳೂರ ಗೊತ್ತೈತಿ, ನಡಿ ಬೇ. ಬಸುರಿ ಬಯಕಿ ಉಳಿಸಬಾರದು.”

“ರಜಾ ಹಾಕಬೇಕು ದೊಡ್ಡವ್ವ.”

“ಹಾಕ. ನೀ ಇಲ್ಲದಿದ್ರ ಸಾಲಿ ಏನ್ ಓಡಿ ಹೊಕ್ಕೈತೇನ?”

ನಾನು ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಬೆಂಗಳೂರು ನನಗೆ ಗೊತ್ತು ಎನ್ನುವುದು ನಮ್ಮ ಮನೆತನದಲ್ಲಿ ಹಬ್ಬಿದ ಒಂದು ಸುಳ್ಳು. ಹಿಂದೊಮ್ಮೆ ಆಫೀಸಿನ ತರಬೇತಿಗೆಂದು ಒಂದು ವಾರ ಹೋಗಿದ್ದೆ, ಅಷ್ಟೆ. ಮೊದಲ ದಿನ ವಿರಾಮದ ಹೊತ್ತಿಗೆ ಪಕ್ಕದಲ್ಲಿ ಕೂತವಳಿಗೆ, “ಚಾ ಕುಡಿಯೂಣ ಬರ್ರಿ” ಎಂದೆ. ಅವಳು, “ಅಯ್ಯೋ, ಎಷ್ಟು ಮುದ್ದಾಗಿ ಮಾತಾಡ್ತೀರಾ! ಇನ್ನೊಂದ್ಸಲ ಹೇಳಿ” ಎಂದಳು. ಸುತ್ತ ನಿಂತ ನಾಲ್ಕು ಜನ ನಕ್ಕರು. ನಾನು ಇನ್ನೊಂದು ಸಲ ಹೇಳಿದೆ. ಹೇಳಿದ್ದಕ್ಕೆ ಈಗಲೂ ಮೈ ಉರಿಯುತ್ತದೆ. ಮರುದಿನದಿಂದ, “ಟೀ ಕುಡಿಯೋಣ ಬನ್ನಿ” ಎನ್ನತೊಡಗಿದೆ. ಆಮೇಲೆ ಆ ಕಡೆಯವರು ಸಿಕ್ಕಾಗಲೆಲ್ಲ, ಬಸ್ಸು ಇಳಿಯುವ ಮೊದಲು ನಿರಿಗೆ ಸರಿಮಾಡಿಕೊಳ್ಳುವ ಹಾಗೆ ಮಾತನ್ನೂ ಸರಿಮಾಡಿಕೊಳ್ಳುವುದು ಅಭ್ಯಾಸವಾಯಿತು.

ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಮೆಟ್ರೊ ನಿಲ್ದಾಣಕ್ಕೆ ಹೋದೆವು. ಗಂಟನ್ನು ಯಂತ್ರದೊಳಗೆ ಬಿಡಬೇಕು ಎಂದಾಗ ದೊಡ್ಡವ್ವ ಅದರ ಆಚೆ ತುದಿಗೆ ಓಡಿಹೋಗಿ ನಿಂತಳು. ಗಂಟು ಹೊರಬಂದಾಗ ಮೂಸಿ ನೋಡಿ, “ರೊಟ್ಟಿ ಫೋಟೋ ತಗದಾರ ನೋಡ ಬೇ. ನಮ್ಮದ ಯಾರೂ ತಗದಿಲ್ಲ” ಎಂದಳು. ಯಂತ್ರದ ಹುಡುಗನೂ ನಕ್ಕ. ನಾನು ಎರಡು ಟೋಕನ್ ತಂದೆ. ಕೋಟಿನ ಗುಂಡಿಯಷ್ಟು ದೊಡ್ಡ, ಗುಂಡಗಿನ ಪ್ಲಾಸ್ಟಿಕ್ ಬಿಲ್ಲೆ. ಒಳಗೆ ಹೋಗುವಾಗ ಬಾಗಿಲಿಗೆ ತೋರಿಸಬೇಕು, ಇಳಿದು ಹೊರಗೆ ಹೋಗುವಾಗ ಅಲ್ಲಿನ ಬಾಗಿಲಿಗೆ ನುಂಗಿಸಬೇಕು. ಅದನ್ನು ಅವಳ ಕೈಗೆ ಕೊಟ್ಟು, “ಇದು ಕಳದ್ರ ಹೊರಗ ಬಿಡಂಗಿಲ್ಲ, ಜ್ವಾಕಿ” ಎಂದೆ. ಅವಳು ಅದನ್ನು ಎಲ್ಲಿಟ್ಟಳೋ ನಾನು ನೋಡಲಿಲ್ಲ.

ಗಾಡಿಯಲ್ಲಿ ಸೀಟು ಸಿಕ್ಕಿತು. ದೊಡ್ಡವ್ವ ಕೂತ ಕೂಡಲೇ ಬಲಕ್ಕಿದ್ದವಳನ್ನು, “ಯಾವೂರ ಬೇ ನಿಮ್ದು?” ಎಂದು ಕೇಳಿದಳು. ಅವಳು ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡಿದ್ದಳು, ಕೇಳಲಿಲ್ಲ. ದೊಡ್ಡವ್ವ ಎಡಕ್ಕಿದ್ದವಳನ್ನು ಕೇಳಿದಳು. ಅವಳು ನಕ್ಕು ಸುಮ್ಮನಾದಳು. “ಇಕಿಗೂ ಕೇಳಸಂಗಿಲ್ಲ ಕಾಣತೈತಿ ಪಾಪ” ಎಂದು ದೊಡ್ಡವ್ವ ನನ್ನ ಕಡೆ ನೋಡಿ ಜೋರಾಗಿ ಹೇಳಿದಳು. ನಾನು ಎದ್ದು ಎದುರಿನ ಸಾಲಿಗೆ ಹೋಗಿ ಕೂತೆ. ಕೈಸನ್ನೆ ಮಾಡಿ, ಇಲ್ಲಿ ಗಾಳಿ ಬರುತ್ತದೆ ಎಂದೆ. ಕಿಟಕಿ ತೆರೆಯದ ಗಾಡಿಯಲ್ಲಿ ಯಾವ ಗಾಳಿ? ದೊಡ್ಡವ್ವ ಅದನ್ನು ನಂಬಿದಳು. ಸೆರಗಿನಿಂದ ತಾನೂ ಗಾಳಿ ಬೀಸಿಕೊಂಡಳು.

ಒಂದೊಂದೇ ನಿಲ್ದಾಣ ದಾಟಿ ಜನ ತೆಳುವಾದರು. ಕೊನೆಗೆ ಧ್ವನಿಯೊಂದು, ಇದು ಕೊನೆಯ ನಿಲ್ದಾಣ, ಎಲ್ಲರೂ ಇಳಿಯಬೇಕು ಎಂದು ಹೇಳಿತು. ದೊಡ್ಡವ್ವ ಮೇಲೆ ನೋಡಿದಳು.

“ಮುಂಜಮುಂಜಾನೆ ಕೊನಿ ಅಂತ ಯಾಕ ಅಂತಾಳ ಆಕಿ? ನಮ್ಮ ಬಬಲೇಶ್ವರ ಬಸ್ಸಿನ ಕಂಡಕ್ಟರ್ ನೋಡ, ‘ಊರು ಬಂತು, ಇಳೀರಿ’ ಅಂತಾನ. ಎಷ್ಟ ಚಂದ ಅನಸ್ತೈತಿ.”

ನಡುವಿನ ನಿಲ್ದಾಣಗಳಲ್ಲಿ ಇಳಿಯುವವರು ಕೆಲವರು. ಕೊನೆಯದರಲ್ಲಿ ಇಡೀ ಗಾಡಿ ಖಾಲಿಯಾಗುತ್ತದೆ. ಎಲ್ಲರಿಗೂ ಅವಸರ, ಎಲ್ಲರೂ ಆ ನಾಲ್ಕೈದು ಬಾಗಿಲ ಮುಂದೆ ಸಾಲು ನಿಲ್ಲುತ್ತಾರೆ. ನಾನು ಮುಂದೆ ಹೋಗಿ ಟೋಕನ್ ಹಾಕಿ ಆಚೆ ದಾಟಿದೆ. ಹಿಂದೆ ತಿರುಗಿದರೆ ದೊಡ್ಡವ್ವ ಬಾಗಿಲ ಒಳಬದಿಯಲ್ಲೇ, ಗಂಟನ್ನು ಕಾಲ ಬಳಿ ಇಟ್ಟು, ಸೊಂಟದಿಂದ ಎಲೆ ಅಡಿಕೆಯ ಸಂಚಿ ಬಿಚ್ಚಿ ಹುಡುಕುತ್ತ ನಿಂತಿದ್ದಳು. ಆ ಸಂಚಿಗೆ ಐದು ಅರೆ. ಅಡಿಕೆಯದು ನೋಡಿದಳು, ಎಲೆಯದು ನೋಡಿದಳು, ಲವಂಗದ್ದು ನೋಡಿದಳು. ಹಿಂದೆ ಸಾಲು ಬೆಳೆಯಿತು.

ಕಾವಲಿನ ಹೆಣ್ಣುಮಗಳು ಬಂದಳು. ಮೂವತ್ತರ ಒಳಗಿನವಳು, ಖಾಕಿ ಬಣ್ಣದ ಅಂಗಿ, ಬಿಗಿದು ಕಟ್ಟಿದ ತುರುಬು.

“ಅಜ್ಜಿ, ಟೋಕನ್ ಎಲ್ಲಿ? ಹಿಂದೆ ಜನ ನಿಂತಿದಾರೆ, ಸ್ವಲ್ಪ ಬೇಗ.”

“ತಡಿ ಬೇ, ಇಲ್ಲೇ ಎಲ್ಲೋ ಐತಿ. ಯಾಕಿಷ್ಟ ಅವಸರ ಮಾಡ್ತಿ ಬೇ?”

ಆ ಹುಡುಗಿಯ ಮುಖ ಬದಲಾಯಿತು. “ಏನು, ಬೇ ಅಂತಿದೀರಾ? ಮರ್ಯಾದೆ ಕೊಟ್ಟು ಮಾತಾಡಿ.”

ದೊಡ್ಡವ್ವನಿಗೆ ತಿಳಿಯಲಿಲ್ಲ. ನಕ್ಕಳು. “ಮರ್ಯಾದಿ ಕೊಟ್ಟ ಮಾತಾಡಾಕತ್ತೇನಲ್ಲ ಬೇ ಯವ್ವಾ.”

ಸಾಲಿನಲ್ಲಿ ಒಬ್ಬ, “ಮತ್ತೆ ಬೇ!” ಎಂದ. ನಾಲ್ಕು ಜನ ನಕ್ಕರು. ಎಷ್ಟೋ ವರ್ಷದ ಹಿಂದೆ ನನ್ನ ಸುತ್ತ ನಕ್ಕ ಆ ನಾಲ್ವರೇ ಇವರು ಎನ್ನಿಸಿತು ನನಗೆ. ಹುಡುಗಿ ನನ್ನ ಕಡೆ ತಿರುಗಿದಳು. “ನಿಮ್ಮ ಜೊತೆಯವರಾ ಮೇಡಂ?”

ನಮ್ಮ ಕಡೆ ‘ಬೇ’ ಅಂದರೆ ಪ್ರೀತಿಯ ಮಾತು, ಅವ್ವನಿಗೂ ಹಾಗೇ ಅನ್ನುತ್ತೇವೆ. ಇಷ್ಟೇ ಹೇಳಬೇಕಿತ್ತು. ಒಂದು ಉಸಿರಿನ ಕೆಲಸ. ಹಿಂದಿ ಸಿನಿಮಾದಲ್ಲಿ ಪುಂಡರು ಅನ್ನುವ ‘ಬೇ’ಯನ್ನು ಆ ಹುಡುಗಿ ಕೇಳಿದ್ದಾಳೆ, ಅವಳದೇನೂ ತಪ್ಪಿಲ್ಲ. ಎರಡೂ ಗೊತ್ತಿದ್ದವಳು ಆ ಜಾಗದಲ್ಲಿ ನಾನೊಬ್ಬಳೇ. ನಾನು ಹೇಳಿದ್ದು ಇದು:

“ಸಾರಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ಹಳ್ಳಿಯವ್ರು. ಅವ್ರಿಗೆ ಮಾತಾಡೋಕೆ ಬರಲ್ಲ.”

ದೊಡ್ಡವ್ವನ ಬೆರಳು ಸಂಚಿಯಲ್ಲೇ ನಿಂತಿತು. ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದ ಅಲ್ಲ. ಬಸ್ಸಿನಲ್ಲಿ ಪರಿಚಯದವರೆಂದು ತಿಳಿದು ಭುಜ ಮುಟ್ಟಿ, ಅವರು ತಿರುಗಿದಾಗ ಬೇರೆ ಯಾರೋ ಆಗಿದ್ದರೆ ನೋಡುತ್ತೇವಲ್ಲ, ಹಾಗೆ. ಆಮೇಲೆ ಏನೋ ನೆನಪಾದವಳಂತೆ ಸಂಚಿಯಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು ಮುಚ್ಚಳ ತಿರುವಿದಳು. ಟೋಕನ್ ಅದರೊಳಗಿತ್ತು. ಅವಳ ಮಟ್ಟಿಗೆ ಅದಕ್ಕಿಂತ ಜೋಪಾನದ ಜಾಗ ಬೇರೆ ಇರಲಿಲ್ಲ. ಬಿಲ್ಲೆಯ ಅಳತೆಗೆ ಮಾಡಿಸಿದಂತಿತ್ತು ಡಬ್ಬಿ. ಸುಣ್ಣ ಮೆತ್ತಿ ಬೆಳ್ಳಗಾಗಿತ್ತು. ಕಾವಲಿನ ಹುಡುಗಿ ತನ್ನ ಕರವಸ್ತ್ರದಿಂದಲೇ ಅದನ್ನು ಒರೆಸಿ ಬಾಗಿಲಿಗೆ ಹಾಕಿದಳು. ಗಂಟನ್ನೂ ಎತ್ತಿ ಈಚೆ ಕೊಟ್ಟಳು. ಕೊಡುವಾಗ, “ಹುಷಾರು ಅಜ್ಜಿ” ಎಂದಳು. ಆ ಐದು ನಿಮಿಷದಲ್ಲಿ ದೊಡ್ಡವ್ವನಿಗೆ ಕೈ ಹಚ್ಚಿ ಸಹಾಯ ಮಾಡಿದವಳು ಅವಳು, ನಾನಲ್ಲ.

ಮೊಮ್ಮಗಳ ಮನೆ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ದಾರಿಯಲ್ಲಿ ನಾನೇ ಮಾತಾಡಿದೆ. ಬಿಸಿಲಿಲ್ಲ ನೋಡು, ಗಿಡ ಎಷ್ಟು ನೋಡು ಎಂದೆ. ದೊಡ್ಡವ್ವ ಗಂಟು ಹೊತ್ತು ನಡೆದಳು. ಕೊಡು ಎಂದು ಕೈ ಚಾಚಿದೆ.

“ಬ್ಯಾಡ್ರಿ,” ಎಂದಳು.

ನಾನು ತಮಾಷೆ ಎಂದುಕೊಂಡೆ. ಮನೆಯಲ್ಲಿ ಊಟಕ್ಕೆ ಬಡಿಸುವಾಗ, “ಇನ್ನೊಂದ ರೊಟ್ಟಿ ತಗೋರಿ” ಎಂದಳು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. “ಯವ್ವಾ, ಅಜ್ಜಿ ಬೆಂಗಳೂರಿಗೆ ಬಂದು ಶಾಣ್ಯಾ ಆಗ್ಯಾಳ. ಸೋದರತ್ತಿಗೂ ರೀ ಅಂತಾಳ!” ಅವಳ ಗಂಡ, “ಚಲೋ ಆತ್ರಿ, ಅಜ್ಜಿಗೆ ನಮ್ಮ ಡಿಪೋದಾಗ ಕಂಡಕ್ಟರ್ ಕೆಲಸ ಕೊಡಸೂಣು” ಎಂದ. ದೊಡ್ಡವ್ವನೂ ಅವರ ಜೊತೆ ನಕ್ಕಳು. ಮೊಮ್ಮಗಳಿಗೆ, “ಉಣ್ಣ ಬೇ, ಬಾಯಿ ಮುಚ್ಚಿ ಉಣ್ಣ” ಎಂದಳು. ಅವಳಿಗೆ ‘ಬೇ’ ಇತ್ತು. ಆಗ ತಿಳಿಯಿತು, ತಮಾಷೆಯಲ್ಲ.

ಮೂರು ದಿನ ಇದ್ದೆವು. ಮೂರು ದಿನವೂ ‘ರಿ’. ಏಳ್ರಿ, ಜಳಕಾ ಮಾಡ್ರಿ, ಚಾ ಆರತೈತಿ ಕುಡೀರಿ. ಅವಳು ಮುನಿಸಿಕೊಂಡಿರಲಿಲ್ಲ, ಮಾತು ಬಿಟ್ಟಿರಲಿಲ್ಲ. ಬೈದಿದ್ದರೆ ಅತ್ತು ಕ್ಷಮೆ ಕೇಳಬಹುದಿತ್ತು. ಮರ್ಯಾದೆ ಕೊಡುತ್ತಿರುವವಳ ಹತ್ತಿರ ಏನೆಂದು ಜಗಳ ತೆಗೆಯುವುದು?

ಹೊರಡುವ ದಿನ ಮತ್ತೆ ಅದೇ ನಿಲ್ದಾಣ. ಈ ಸಲ ಅದು ನಮಗೆ ಮೊದಲನೆಯದು. ಹೆಣ್ಣುಮಕ್ಕಳನ್ನು ತಪಾಸಣೆ ಮಾಡುವ ಪರದೆಯ ಹತ್ತಿರ ಅದೇ ಹುಡುಗಿ ನಿಂತಿದ್ದಳು. ಈಗ ಹೇಳುತ್ತೇನೆ, ಎರಡೇ ಮಾತು, ಎಂದು ಬಾಯಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೊಡ್ಡವ್ವ ನನ್ನನ್ನು ದಾಟಿ ಮುಂದೆ ಹೋಗಿ ಕೈ ಮುಗಿದಳು.

“ನೋಡ್ರಿ ಬಾಯಾರ, ಮೊನ್ನಿ ನನ್ನ ಬಾಯಿಂದ ತಪ್ಪ ಮಾತ ಬಂತ್ರಿ. ನಿಮಗ ಬೇ ಅಂದೆ. ಹೊಟ್ಟ್ಯಾಗ ಹಾಕ್ಕೊರಿ.”

ಹುಡುಗಿಗೆ ನೆನಪೇ ಇರಲಿಲ್ಲ. “ಯಾವಾಗ ಅಜ್ಜಿ? ದಿನಾ ಸಾವಿರ ಜನ ಏನೇನೋ ಅಂತಾರೆ, ಬಿಡಿ” ಎಂದು ನಕ್ಕಳು. ದೊಡ್ಡವ್ವ ಸಂಚಿಯಿಂದ ಒಂದು ಹಿಡಿ ಒಣದ್ರಾಕ್ಷಿ ತೆಗೆದು ಚಾಚಿದಳು. “ಡ್ಯೂಟೀಲಿ ತಗೊಳ್ಳೋ ಹಾಗಿಲ್ಲ ಅಜ್ಜಿ” ಎಂದಳು ಅವಳು. ದೊಡ್ಡವ್ವ ಹಿಡಿಯನ್ನು ಹಾಗೇ ಹಿಂದೆ ತೆಗೆದುಕೊಂಡು ಸಂಚಿಗೆ ಹಾಕಿದಳು. ಅಲ್ಲಿಯೂ ನಾನು ಬಾಯಿ ಬಿಡಲಿಲ್ಲ. ಬಿಡಲಿಲ್ಲ ಎನ್ನುವುದಕ್ಕಿಂತ, ಪ್ರಸಂಗ ಸುಸೂತ್ರ ಮುಗಿಯಿತಲ್ಲ ಎಂದು ಒಳಗೊಳಗೇ ಹಗುರಾದೆ. ಮೊದಲ ದಿನದ್ದು ಗಾಬರಿಯಲ್ಲಿ ಆದದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈ ಎರಡನೆಯದಕ್ಕೆ ಆ ನೆಪವೂ ಇಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬಂದು ನಿಂತಿತು. ಇದ್ದವರೆಲ್ಲ ಇಳಿದರು. ಬಾಗಿಲು ತೆರೆದೇ ಇತ್ತು, ನಾವು ಹತ್ತಿ ಕೂತೆವು. ಖಾಲಿ ಗಾಡಿ, ಎಲ್ಲಿ ಬೇಕಾದರೂ ಸೀಟು. ಕಿಟಕಿಯಿಂದ ನೋಡಿದರೆ ಚಾಲಕ ಹೆಗಲಿಗೆ ಚೀಲ ಹಾಕಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುತ್ತಿದ್ದ. ಸ್ವಲ್ಪ ಹೊತ್ತಿಗೆ ಗಾಡಿ ಬಂದ ದಿಕ್ಕಿಗೇ ಹೊರಟಿತು.

ದೊಡ್ಡವ್ವ ಹಿಂದೆ ಮುಂದೆ ಬಗ್ಗಿ ನೋಡಿದಳು. “ಗಾಡಿ ಹೊಳ್ಳಲೇ ಇಲ್ಲಲ್ರಿ?”

“ಹೊಳ್ಳಸೂದು ಬೇಕಾಗಿಲ್ಲ ದೊಡ್ಡವ್ವ. ಎರಡೂ ಕಡೆ ಇಂಜಿನ್ ಇರ್ತೈತಿ.”

“ಹಂಗೇನ್ರಿ? ಎರಡೂ ಕಡೆ ಮಾರಿ ಇರೂ ಗಾಡಿ.” ಕಿಟಕಿಯ ಹೊರಗೆ ನೋಡುತ್ತ ಮುಂದುವರಿಸಿದಳು. “ಚಲೋ ಆತು. ಎಲ್ಲಿ ಯಾವ ಮಾರಿ ಬೇಕೋ ಅಲ್ಲಿ ಅದನ್ನ ಹಚ್ಚಬಹುದು.”

ಟೋಕನ್ ಈ ಸಲ ಸುಣ್ಣದ ಡಬ್ಬಿಯಲ್ಲಿ ಇರಲಿಲ್ಲ. ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಇಳಿಯುವಾಗ ಅಂಗೈಯಲ್ಲಿ ಅದರ ಗುಂಡನೆಯ ಅಚ್ಚು ಮೂಡಿತ್ತು.

ವಿಜಯಪುರಕ್ಕೆ ಬಂದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ. ನಮ್ಮ ಬಿಸಿಲಿಗೆ ಬಂದರೆ ನಮ್ಮ ಮಾತು ತಾನೇ ಬರುತ್ತದೆ ಎಂದು. ಬರಲಿಲ್ಲ. ಎರಡು ಸಲ ರವಿವಾರ ಬಬಲೇಶ್ವರ ಬಸ್ಸು ಹತ್ತಿ ಸಾರವಾಡಕ್ಕೆ ಹೋದೆ. ಹೊಸಿಲು ದಾಟುವ ಮೊದಲೇ ಬೇಕೆಂದೇ, “ದೊಡ್ಡವ್ವ, ಏನ್ ಮಾಡಾಕತ್ತಿ ಬೇ?” ಎಂದು ಒದರಿದೆ. ಎಮ್ಮೆಗೆ ಹಿಂಡಿ ಕಲಸುತ್ತಿದ್ದವಳು ತಲೆ ಎತ್ತಿ, “ಬರ್ರಿ, ಕುಂದರ್ರಿ” ಎಂದಳು. ಚಾಪೆ ಹಾಸಿದಳು. ನನಗೆ ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಚಾಪೆ ಹಾಸಿರಲಿಲ್ಲ. ತಂಬಿಗೆ ನೀರನ್ನು ತಟ್ಟೆಯ ಮೇಲಿಟ್ಟು ತಂದಳು.

ಏಳನೆಯ ತಿಂಗಳಿಗೆ ಮೊಮ್ಮಗಳನ್ನು ಊರಿಗೆ ಕರೆತಂದು ಸೀಮಂತದ ಕುಬುಸ ಮಾಡುವುದೆಂದಾಯಿತು. ಬಳೆ ತರಲು ನಾನೂ ದೊಡ್ಡವ್ವನೂ ಸಿದ್ಧೇಶ್ವರ ಗುಡಿಯ ಹತ್ತಿರದ ಸಂತೆಪೇಟೆಗೆ ಹೋದೆವು. ಹಸಿರು ಬಳೆಯ ಡಜನ್ನುಗಳನ್ನು ಬಿಚ್ಚಿ, “ಈ ಗೀರಿಂದು ಚಲೋ ಕಾಣತೈತೇನ್ರಿ? ನೀವ ಆರಸ್ರಿ” ಎಂದು ದೊಡ್ಡವ್ವ ನನ್ನನ್ನು ಕೇಳುತ್ತಿದ್ದಳು. ಬಳೆಗಾರ ಮುದುಕ ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ ನನ್ನನ್ನು ಕೇಳಿದ: “ಹುಡುಗನ ಕಡ್ಯಾವ್ರೇನ್ರಿ ನೀವು? ಬೀಗರಾ?”

“ಅಲ್ಲ, ನಾ ಇಕಿ ಮಗಳ,” ಎಂದೆ. ತಂಗಿಯ ಮಗಳು ಎಂದು ಹೇಳುವಷ್ಟು ತಾಳ್ಮೆ ಇರಲಿಲ್ಲ.

“ಮಗಳಿಗೆ ಯಾರ ರೀ ಅಂತಾರ ಬೇ ಯವ್ವಾ?” ಎಂದು ಅವನು ದೊಡ್ಡವ್ವನನ್ನು ಕೇಳಿ ನಕ್ಕ. ಬಳೆಗಾರನ ಬಾಯಲ್ಲೂ ‘ಬೇ’ ಇತ್ತು.

“ಸಾಲೀ ಕಲತಾರಲ್ಲಪಾ ಅವರು,” ಎಂದಳು ದೊಡ್ಡವ್ವ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರಿದ್ದಾರೆ, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಜಲನಗರದ ಅರ್ಧ ಹೆಂಗಸರ ಕುಪ್ಪಸ ಹೊಲಿದುಕೊಡುವವರು. ಮನೆಯಲ್ಲಿ ಆಡುವುದು ಉರ್ದು, ಹೊರಗೆ ನಮ್ಮದೇ ಕನ್ನಡ. ಯಾರಿಗೂ ಹೇಳದ್ದನ್ನು ಅವರಿಗೆ ಒಂದು ಮಧ್ಯಾಹ್ನ ಹೇಳಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದರು.

“ನೋಡ್ರಿ ಅಕ್ಕಾ, ನಮ್ಮ ಮನ್ಯಾಗ ಮೊಮ್ಮಗ ಯಾರಿಗರೆ ‘ಕ್ಯಾ ಬೇ’ ಅಂದ್ರ ನಾನ ಬಾಯಿ ಮ್ಯಾಲ ಹೊಡಿತೇನಿ. ಓಣಿಗೆ ಬಂದ್ರ ಎಲ್ಲಾರೂ ನನಗ ‘ಖಾಲಾ ಬೇ’ ಅಂತಾರ, ಖುಷಿ ಆಕ್ಕೈತಿ. ನಾಕ ಹೆಜ್ಜಿ, ಅಷ್ಟ ಫರಕ. ಹೊಸಲಿ ದಾಟೂವಾಗ ಚಪ್ಪಲಿ ಹಾಕ್ಕೊಂಡಂಗ ತಿಳಕೋಬೇಕು. ಆ ಹುಡಿಗೀಗೆ ಇದನ್ನ ಹೇಳೂದಕ್ಕೇನಾಗಿತ್ರಿ ನಿಮಗ?”

“ಅಂಜಿಕಿ ಆತ್ರಿ ಖಾಲಾ.”

“ಅಂಜಿಕಿ ಅಲ್ರಿ ಅದು.” ಅಷ್ಟೇ ಹೇಳಿ ಯಂತ್ರ ಮತ್ತೆ ತುಳಿದರು. ಅದರ ಹೆಸರು ಏನೆಂದು ಅವರು ಹೇಳಲಿಲ್ಲ. ನನಗೆ ಗೊತ್ತಿತ್ತು.

“ಕ್ಷಮಾ ಕೇಳೀರೇನ?” ಎಂದರು ದಾರ ಕತ್ತರಿಸುತ್ತ. ನಾನು ಇಲ್ಲವೆಂದು ತಲೆ ಆಡಿಸಿದೆ. ನಿಜವಾಗಿ ಕೇಳಿರಲಿಲ್ಲ. ಹೋಳಿಗೆ ಕಳಿಸಿದ್ದೆ, ಮಂಡಿನೋವಿಗೆ ಎಣ್ಣೆ ಕೊಟ್ಟಿದ್ದೆ, ಕುಬುಸಕ್ಕೆ ಸೀರೆ ತಂದಿದ್ದೆ. ಕ್ಷಮೆಯ ಮಾತು ಮಾತ್ರ ಆಡಿರಲಿಲ್ಲ. ಆಡಬೇಕೆಂದರೆ ಮೊದಲು ನಾನು ಅಂದದ್ದನ್ನು ಮತ್ತೊಮ್ಮೆ ಬಾಯಿಂದ ಅನ್ನಬೇಕಾಗುತ್ತಿತ್ತು.

ಮೊಮ್ಮಗಳ ಹೆರಿಗೆ ವಿಜಯಪುರದಲ್ಲೇ ಆಯಿತು. ಹೆಣ್ಣುಕೂಸು. ದವಾಖಾನೆ ಹತ್ತಿರ ಎಂದು ಮೊದಲ ತಿಂಗಳು ಬಾಣಂತಿಯನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಅವಳ ಅವ್ವ ಹೊಲ, ಎಮ್ಮೆ ಬಿಟ್ಟು ಪೂರ್ತಿ ಬರಲಾಗದೆ ದಿನ ಬಿಟ್ಟು ದಿನ ಬಂದು ಹೋಗುತ್ತಿದ್ದಳು. ದೊಡ್ಡವ್ವ ಗಂಟು ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ಬಿಡಾರ ಹೂಡಿದಳು. ಕೂಸಿಗೆ ಎರೆಯುವುದು, ಹೊಗೆ ಹಾಕುವುದು, ಬಾಣಂತಿಗೆ ಅಳವಿ ಬೀಜದ ಪಾಯಸ, ಎಲ್ಲ ಅವಳದೇ. ಕ್ಯಾಲೆಂಡರಿನ ಚೌಕಗಳಲ್ಲಿ ಆ ದಿನಗಳಲ್ಲಿ ಕೂಸಿನದೇ ಸುದ್ದಿ: ಹೊಕ್ಕಳು ಉದುರಿತು, ರಾತ್ರಿ ಅತ್ತಿತು, ನಕ್ಕಿತು. ನನಗೆ ‘ರಿ’ ನಡೆದೇ ಇತ್ತು.

ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ಇದ್ದೆ. ಪಡಸಾಲೆಯಿಂದ ದೊಡ್ಡವ್ವನ ಧ್ವನಿ ಕೇಳಿಸಿತು. ಹಳೆಯ ಧ್ವನಿ.

“ಎಲ್ಲಿ ಹೋದಿ ಬೇ? ಬಾ ಬೇ ಇಲ್ಲಿ, ನನ್ನವ್ವಾ.”

“ಬಂದೆ ಬೇ!” ಎಂದೆ. ಹಿಟ್ಟಿನ ಕೈಯಲ್ಲೇ ಓಡಿಹೋದೆ. ಒಲೆಯ ಮೇಲಿನ ರೊಟ್ಟಿಯ ನೆನಪೂ ಇರಲಿಲ್ಲ.

ದೊಡ್ಡವ್ವ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದಳು. ಮೊಮ್ಮಗಳು ಜಳಕಕ್ಕೆ ಹೋಗಿದ್ದಳು. ಕೂಸು ಎತ್ತಲೋ ನೋಡುತ್ತಿತ್ತು, ಅದರ ಕಣ್ಣನ್ನು ತನ್ನ ಕಡೆ ತಿರುಗಿಸಲು ದೊಡ್ಡವ್ವ ಕರೆಯುತ್ತಿದ್ದಳು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು.

“ನಿಮಗಲ್ರಿ,” ಎಂದಳು. “ಕೂಸಿಗೆ ಅಂದೆ.”

ಒಳಗೆ ರೊಟ್ಟಿ ಸೀದ ವಾಸನೆ ಬರತೊಡಗಿತು. ಹೋಗಿ ಒಲೆ ಆರಿಸಿ ಕೈ ತೊಳೆದು ಮತ್ತೆ ಬಂದೆ. ಅಷ್ಟರಲ್ಲಿ ದೊಡ್ಡವ್ವ ಸಾಣೆಕಲ್ಲಿನ ಮೇಲೆ ಬಜೆ ಬೇರನ್ನು ಒಂದು ಸುತ್ತು ತೇದಿದ್ದಳು. ಡಾಕ್ಟರು ಇಂಥದ್ದೆಲ್ಲ ಬೇಡ ಎಂದಿದ್ದರು. ಅದಕ್ಕೇ ಸೂಜಿಯ ಮೊನೆಯಷ್ಟು ಮಾತ್ರ, ಶಾಸ್ತ್ರಕ್ಕೆ.

“ಬಂದೀರಿ ಅಂದಮ್ಯಾಲ ನೀವ ಹಚ್ರಿ,” ಎಂದು ಕಲ್ಲನ್ನು ನನ್ನ ಕಡೆ ಸರಿಸಿದಳು. ಚುಚ್ಚುವುದಕ್ಕೆ ಅಂದದ್ದಲ್ಲ, ಅದೇ ನೋವು. ನಿಜವಾಗಿಯೂ ಹಾಗೇ ನಂಬಿದ್ದಳು. “ಕೂಸು ಬೆಂಗಳೂರಾಗ ಬೆಳಿತೈತಿ. ನಿಮಗ ಅಲ್ಲಿ ಮಾತೂ ಬರತೈತಿ, ಇಲ್ಲೀದೂ ಬರತೈತಿ. ನನ್ನ ಮಾತ ಹತ್ತಿದ್ರ ಅಲ್ಲಿ ಮಂದಿ ನಗತಾರ.”

ನಾನು ನೆಲಕ್ಕೆ ಕೂತೆ. ಆಮೇಲೆ ಹೇಳಿದೆ.

“ನಾ ಅಲ್ಲಿ, ಆ ಸ್ಟೇಷನ್ನ್ಯಾಗ, ನಿನಗ ಮಾತಾಡಾಕ ಬರಂಗಿಲ್ಲ ಅಂದೆ ದೊಡ್ಡವ್ವ.”

ಅವಳು ಕೂಸಿನ ಕಾಲಿನ ಬೆರಳು ಸರಿಮಾಡುತ್ತಿದ್ದಳು.

“ಮಾತಾಡಾಕ ಬರದಾಕಿ ನಾ ಇದ್ದೆ. ನೀ ಕಲಿಸಿದಿ. ತಪ್ಪಾತು. ಈ ಕೂಸಿಗೆ ನನ್ನ ಮಾತ ಬ್ಯಾಡ ಬೇ. ನೀನ ಹಚ್ಚ. ಮಂದಿ ನಕ್ಕರ ನಗಲಿ.”

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ನಿಂತಿತು. ದೊಡ್ಡವ್ವ ಕಲ್ಲನ್ನು ತನ್ನ ಕಡೆಗೆ ಎಳೆದುಕೊಂಡಳು. ಕಿರುಬೆರಳ ತುದಿಗೆ ಬಜೆ ತಾಗಿಸಿದಳು. ಕೂಸು ತಲೆ ಅತ್ತ ಇತ್ತ ಆಡಿಸಿತು, ಬೆರಳಿಗೆ ಬಾಯಿ ಸಿಗಲಿಲ್ಲ. ಎರಡು ಸಲ ತಪ್ಪಿತು.

“ಸುಮ್ಮ ಏನ್ ನೋಡ್ತಿ,” ಎಂದಳು ನನ್ನ ಕಡೆ ನೋಡದೆ. “ತಲಿ ಹಿಡಿ. ಗಟ್ಟಿ ಹಿಡಿ.”

ಹಿಡೀರಿ ಅನ್ನಲಿಲ್ಲ. ‘ಬೇ’ಯನ್ನೂ ಅನ್ನಲಿಲ್ಲ. ಅಂದಾಳೇನೋ ಎಂದು ಇನ್ನೊಂದು ಗಳಿಗೆ ಕಾದೆ. ಆಮೇಲೆ ಎರಡೂ ಕೈಯಿಂದ ಕೂಸಿನ ತಲೆ ಹಿಡಿದೆ.